ರೈಲು ಹೋದರೂ ಉಳಿದ ಸಂತೆ: ಫಿಲಡೆಲ್ಫಿಯಾದ ರೀಡಿಂಗ್ ಟರ್ಮಿನಲ್ ಮಾರ್ಕೆಟ್

ಅಮೆರಿಕದ ಹಲವು ನಗರಗಳಲ್ಲಿ ಹಳೆಯ ಮಾರುಕಟ್ಟೆಯ ಕಟ್ಟಡವನ್ನು ಚೆನ್ನಾಗಿಯೇ ಉಳಿಸಿಕೊಂಡಿದ್ದಾರೆ, ಆದರೆ ಒಳಗೆ ಹೋದರೆ ಅಲ್ಲಿರುವುದು ಪ್ರವಾಸಿಗರಿಗೆಂದೇ ತೆರೆದ ಉಡುಗೊರೆ ಅಂಗಡಿಗಳು. ಫಿಲಡೆಲ್ಫಿಯಾದ ಹನ್ನೆರಡನೆಯ ಬೀದಿಯೂ ಆರ್ಚ್ ಬೀದಿಯೂ ಕೂಡುವಲ್ಲಿರುವ ರೀಡಿಂಗ್ ಟರ್ಮಿನಲ್ ಮಾರ್ಕೆಟ್ ಹಾಗಾಗಿಲ್ಲ. ಊಟಕ್ಕೆ ಬರುವ ಪ್ರವಾಸಿಗರ ನಡುವೆಯೇ ಊರಿನವರು ಚೀಲ ಹಿಡಿದು ಬಂದು ಮನೆಗೆ ಬೇಕಾದ ಸೊಪ್ಪು, ಹಣ್ಣು, ಮೀನು, ಮಾಂಸ, ಚೀಸ್ ಕೊಂಡು ಹೋಗುತ್ತಾರೆ. ಬಡ ಕುಟುಂಬಗಳಿಗೆ ಸರ್ಕಾರ ಕೊಡುವ ಆಹಾರ ನೆರವಿನ ಕಾರ್ಡನ್ನೂ ಇಲ್ಲಿ ಸ್ವೀಕರಿಸುತ್ತಾರೆ. ನಾನು ಈ ಜಾಗವನ್ನು ಮನಸಾರೆ ಮೆಚ್ಚುವುದು ಇದಕ್ಕಾಗಿಯೇ.

ಇಲ್ಲಿ ರೈಲಿಗಿಂತ ಮೊದಲೇ ಸಂತೆಯಿತ್ತು. ರೀಡಿಂಗ್ ರೈಲ್ವೆ ಕಂಪನಿಯು ನಗರದ ನಡುವೆ ನಿಲ್ದಾಣ ಕಟ್ಟಲು ಹೊರಟಾಗ ಅಲ್ಲಿ ವ್ಯಾಪಾರ ಮಾಡಿಕೊಂಡಿದ್ದ ರೈತರೂ ಮಾಂಸದ ವ್ಯಾಪಾರಿಗಳೂ ಜಾಗ ಬಿಟ್ಟುಕೊಡಲು ಒಪ್ಪಲಿಲ್ಲ. ಕೊನೆಗೆ ಹಳಿಗಳನ್ನು ಮೇಲಂತಸ್ತಿನಲ್ಲಿ ಹಾಯಿಸಿ ಅವುಗಳ ಕೆಳಗೇ ಮಾರುಕಟ್ಟೆಗೆ ನೆಲೆ ಕೊಡುವುದೆಂದು ತೀರ್ಮಾನವಾಗಿ, 1893ರಲ್ಲಿ ಮಾರುಕಟ್ಟೆ ತೆರೆಯಿತು. ನೆಲಮಾಳಿಗೆಯಲ್ಲಿದ್ದ ಭಾರಿ ಶೀತಲಗೃಹದಲ್ಲಿ ವ್ಯಾಪಾರಿಗಳ ಸರಕಿನ ಜೊತೆಗೆ ಆಸ್ಪತ್ರೆಗಳ ಔಷಧಿಯನ್ನೂ ಇಡುತ್ತಿದ್ದರು. 1984ರಲ್ಲಿ ರೈಲುಗಳು ನೆಲದಡಿಯ ಸುರಂಗ ಮಾರ್ಗಕ್ಕೆ ಸ್ಥಳಾಂತರಗೊಂಡು ಮೇಲಿನ ನಿಲ್ದಾಣ ಬರಿದಾಯಿತು, ಕೆಳಗಿನ ಸಂತೆ ಮಾತ್ರ ಮುಂದುವರಿಯಿತು. ಈಗ ಲಾಭದ ಉದ್ದೇಶವಿಲ್ಲದ ಸಂಸ್ಥೆಯೊಂದು ಇದನ್ನು ನಡೆಸುತ್ತಿದೆ.

ತಿನ್ನುವುದಕ್ಕೆ ಬರುವವರು ಮೊದಲು ಲ್ಯಾಂಕಾಸ್ಟರ್ ಕೌಂಟಿ ಎಂಬ ಜಿಲ್ಲೆಯಿಂದ ಬರುವ, ಆಧುನಿಕ ಸೌಕರ್ಯಗಳಿಂದ ದೂರವಿದ್ದು ಸರಳವಾಗಿ ಬದುಕುವ ಕ್ರೈಸ್ತರಾದ ಆಮಿಶ್ ಸಮುದಾಯದವರ ಮಳಿಗೆಗಳತ್ತ ಹೋಗಬೇಕು. ಮಿಲ್ಲರ್ಸ್ ಟ್ವಿಸ್ಟ್ ಎಂಬ ಮಳಿಗೆಯಲ್ಲಿ ಪ್ರೆಟ್ಜೆಲ್ ಮಾಡುವುದನ್ನು ನಿಂತು ನೋಡಬಹುದು: ನಾದಿದ ಹಿಟ್ಟಿನ ಉಂಡೆಯನ್ನು ಅಂಗೈಯಲ್ಲಿ ಉದ್ದಕ್ಕೆ ಹೊಸೆದು, ಎರಡೂ ತುದಿಗಳನ್ನು ಒಂದರ ಮೇಲೊಂದು ಹಾಯಿಸಿ ಮಡಚಿ, ಬೇಯಿಸಿ ತೆಗೆದ ಮೇಲೆ ಬೆಣ್ಣೆ ಸವರಿ ಕೈಗೆ ಕೊಡುತ್ತಾರೆ. ಹೊರಗೆ ತುಸು ಗರಿಗರಿ, ಒಳಗೆ ಮೆತ್ತಗೆ, ತುಟಿಗೆಲ್ಲ ಬೆಣ್ಣೆ. ಅಮೆರಿಕದ ಅಂಗಡಿಗಳಲ್ಲಿ ಪೊಟ್ಟಣದಲ್ಲಿ ಸಿಗುವ ಒಣ ಪ್ರೆಟ್ಜೆಲ್ಲಿಗೂ ಇದಕ್ಕೂ ಹೋಲಿಕೆಯೇ ಇಲ್ಲ. ಬಾಸೆಟ್ಸ್ ಐಸ್‌ಕ್ರೀಮ್ ಮಳಿಗೆ ಮಾರುಕಟ್ಟೆಯ ಆರಂಭದಿಂದಲೂ ಇಲ್ಲಿಯೇ ಇದೆ, ಅದರ ಅಮೃತಶಿಲೆಯ ಕಟ್ಟೆಯ ಮುಂದೆ ಕುಳಿತು ತಿನ್ನುವ ಸುಖವೇ ಬೇರೆ. ಸಸ್ಯಾಹಾರಿಗಳಿಗೆ ಇಲ್ಲಿ ಕೊರತೆಯಿಲ್ಲವಾದರೂ ಒಂದು ಎಚ್ಚರ ಬೇಕು: ಹೂರಣ ತುಂಬಿ ಬೇಯಿಸುವ ಪೈಗಳ ಹೊರಪದರಕ್ಕೆ ಹಂದಿಯ ಕೊಬ್ಬು ಹಾಕುವ ರೂಢಿ ಆ ಕಡೆ ಉಂಟು, ಆದ್ದರಿಂದ ಕೇಳಿಯೇ ಕೊಳ್ಳಬೇಕು.

ಕುಂದುಗಳೂ ಇವೆ. ಪಕ್ಕದ ಸಮಾವೇಶ ಕೇಂದ್ರದಲ್ಲಿ ದೊಡ್ಡ ಸಭೆಯಿದ್ದ ದಿನ ಮಧ್ಯಾಹ್ನ ಇಲ್ಲಿ ಕಾಲಿಡಲು ಜಾಗವಿರುವುದಿಲ್ಲ. ನಡುವಿನ ಊಟದ ಅಂಗಳದಲ್ಲಿ ಕುರ್ಚಿ ಸಿಗದೆ ವಯಸ್ಸಾದವರು ತಟ್ಟೆ ಹಿಡಿದು ನಿಂತಿರುವುದನ್ನು ನೋಡಿದರೆ ಬೇಸರವಾಗುತ್ತದೆ. ಸಿದ್ಧ ಆಹಾರದ ಮಳಿಗೆಗಳ ಸದ್ದುಗದ್ದಲದಲ್ಲಿ ತರಕಾರಿ ಮಾರುವವರು ಹಿಂದೆ ಸರಿದಂತೆಯೂ ತೋರುತ್ತದೆ. ಅವರು ತೀರಾ ಕಡಿಮೆಯಾದರೆ ಇದು ಬರೀ ಊಟದ ಚಾವಡಿಯಾಗಿಬಿಡುತ್ತದೆ, ಹಾಗಾಗಬಾರದು.

ಊಟವಾದ ಮೇಲೆ ಮೇಲಿನ ಹಳೆಯ ರೈಲು ಚಾವಣಿಯನ್ನೂ ನೋಡಲೇಬೇಕು. ನಡುವೆ ಒಂದೂ ಕಂಬವಿಲ್ಲದೆ, ಒಂದೇ ಕಮಾನಿನಲ್ಲಿ ಅಷ್ಟೂ ಹಳಿಗಳ ಮೇಲೆ ಹರಡಿದ್ದ ಈ ಚಾವಣಿ ಈಗ ಸಮಾವೇಶ ಕೇಂದ್ರದ ಭಾಗವಾಗಿದೆ. ಅಲ್ಲಿಂದ ಪಶ್ಚಿಮಕ್ಕೆ ಸ್ವಲ್ಪ ನಡೆದರೆ ನಗರ ಸಭಾಭವನ, ಅದರ ಗೋಪುರದ ತುದಿಯಲ್ಲಿ ಈ ನಗರವನ್ನು ಸ್ಥಾಪಿಸಿದ ವಿಲಿಯಂ ಪೆನ್‌ನ 37 ಅಡಿ ಎತ್ತರದ ಪ್ರತಿಮೆ.

ವಿಮಾನ ನಿಲ್ದಾಣದಿಂದ ಬರುವ ರೈಲು ಹತ್ತಿರದ ಜೆಫರ್ಸನ್ ನಿಲ್ದಾಣದಲ್ಲಿ ನಿಲ್ಲುತ್ತದೆ. ಭಾನುವಾರ ಆಮಿಶ್ ಮಳಿಗೆಗಳು ಮುಚ್ಚಿರುತ್ತವೆ, ಸೋಮವಾರವೂ ಕೆಲವು ತೆರೆಯುವುದಿಲ್ಲ. ಬುಧವಾರ ಅಥವಾ ಗುರುವಾರ ಬೆಳಿಗ್ಗೆ, ಹತ್ತು ಗಂಟೆಗೆ ಮೊದಲೇ ಹೋದರೆ ವ್ಯಾಪಾರಿಗಳ ಜೊತೆ ಎರಡು ಮಾತಾಡುವಷ್ಟು ಬಿಡುವು ಇಬ್ಬರಿಗೂ ಇರುತ್ತದೆ.