ಅಪ್ಪಾಜಿಯ ಹಳೇ ವ್ಯಾಕ್ಯೂಮ್ ಕ್ಲೀನರ್: ರಿಪೇರಿಯೋ, ಹೊಸದೋ?

ಏಪ್ರಿಲ್ ಮೊದಲ ವಾರ ಕೂಲರ್ ಸ್ವಚ್ಛ ಮಾಡಲು ಕೂತಿದ್ದೆ. ಹುಲ್ಲಿನ ಪ್ಯಾಡಿನಲ್ಲಿ ವರ್ಷದ ಧೂಳು. ಹಳೇ ವ್ಯಾಕ್ಯೂಮ್ ಹಚ್ಚಿದೆ. ಎರಡೇ ನಿಮಿಷ. ಹಿಂದಿನ ಜಾಲರಿಯೊಳಗೆ ನೀಲಿ ಕಿಡಿ ಕಂಡಿತು, ಸುಟ್ಟ ವಾಸನೆ ಬಂತು, ಮಷೀನ್ ಬಂದ್.

ಇದು ಅಪ್ಪಾಜಿ 1993ರಲ್ಲಿ ಕೊಂಡದ್ದು. ಟೈ ಕಟ್ಟಿಕೊಂಡ ಹುಡುಗನೊಬ್ಬ ಮನೆಗೇ ಬಂದು, ನಮ್ಮ ಗಾದಿಯಿಂದಲೇ ಒಂದು ಮುಷ್ಟಿ ಧೂಳು ತೆಗೆದು ಬಿಳಿ ಬಟ್ಟೆಯ ಮೇಲೆ ಸುರಿದಿದ್ದ. ಅವ್ವನಿಗೆ ನಾಚಿಕೆಯಾಗಿ ಅವತ್ತೇ ಅಡ್ವಾನ್ಸ್ ಕೊಡಿಸಿದಳು. ಬಿಲ್ಲಿನ ಮೇಲೆ ಊರಿನ ಹೆಸರು ಇನ್ನೂ ಗುಲ್ಬರ್ಗಾ.

ಕಂಪನಿಯ ಸರ್ವಿಸಿಗೆ ಫೋನ್ ಮಾಡಿದರೆ, ಪಾರ್ಟ್ಸ್ ಸಿಗುವುದಿಲ್ಲ, ಎಕ್ಸ್‌ಚೇಂಜಿಗೆ ಹಾಕಿ ಅಂದರು. ಸೂಪರ್ ಮಾರ್ಕೆಟ್ ಹಿಂದಿನ ಗಲ್ಲಿಯಲ್ಲಿ ಮೋಟಾರ್ ರಿಪೇರಿ ಮಾಡುವ ಚಾಚಾ ಒಬ್ಬರಿದ್ದಾರೆ. ಅವರು ಮುಚ್ಚಳ ಬಿಚ್ಚಿ, ಫ್ಯಾನನ್ನು ಬೆರಳಿನಿಂದ ತಿರುಗಿಸಿ ನೋಡಿದರು. "ಮೋಟಾರ್ ಛಲೋ ಅದ್ರಿ ಸರ್. ಕಾರ್ಬನ್ ಅಷ್ಟೇ ಹೋಗ್ಯಾವ."

ಮಿಕ್ಸರಿನಂತೆ ಇದರ ಮೋಟಾರಿಗೂ ಎರಡು ಕಾರ್ಬನ್ ತುಂಡುಗಳು ಕರೆಂಟ್ ಮುಟ್ಟಿಸುತ್ತವೆ. ತಿರುಗುವ ತಾಮ್ರಕ್ಕೆ ಉಜ್ಜಿ ಉಜ್ಜಿ ಸವೆಯುತ್ತವೆ. ಹೊಸದು ಕಿರುಬೆರಳಿನ ಒಂದು ಗೆಣ್ಣಿನಷ್ಟು ಉದ್ದ. ನಮ್ಮದು ತೊಗರಿ ಕಾಳಿನಷ್ಟು ಉಳಿದಿತ್ತು, ಸ್ಪ್ರಿಂಗ್ ಹೊರಗೆ ಇಣುಕುತ್ತಿತ್ತು. ಚಾಚಾ ಕಪ್ಪಾದ ತಾಮ್ರವನ್ನು ನಯವಾದ ಪಾಲಿಶ್ ಕಾಗದದಿಂದ ತಿಕ್ಕಿ, ಗೀರುಗಳಲ್ಲಿ ಕೂತ ಕಾರ್ಬನ್ ಪುಡಿಯನ್ನು ಮುರಿದ ಬ್ಲೇಡಿನಿಂದ ಕೆರೆದರು. ಗರಗರ ಅನ್ನುತ್ತಿದ್ದ ಎರಡು ಬೇರಿಂಗನ್ನೂ ಬದಲಿಸಿದರು. 608 ನಂಬರಿನದು. ಮಕ್ಕಳ ಸ್ಕೇಟಿಂಗ್ ಗಾಲಿಗೆ ಹಾಕುವುದೂ ಇದನ್ನೇ! ಆಮೇಲೆ ಕರೆಂಟು ಕಡಿಮೆ ಹರಿಯುವಂತೆ ನಡುವೆ ಬಲ್ಬ್ ಜೋಡಿಸಿದ ಸೀರೀಸ್ ಬೋರ್ಡಿನಲ್ಲಿ ಅರ್ಧ ತಾಸು ನಿಧಾನಕ್ಕೆ ಓಡಿಸಿದರು. ಹೊಸ ಕಾರ್ಬನ್ ತಾಮ್ರದ ದುಂಡು ಮೈಗೆ ಹೊಂದಿಕೊಳ್ಳಬೇಕಲ್ವಾ? ಒಟ್ಟು 800 ರೂಪಾಯಿ. ಚಹಾ ಅವರದೇ. ಕಾಯಿಲ್ ಸುಟ್ಟಿದ್ದರೆ ಮಾತ್ರ ರಿಪೇರಿಗೆ ಕೈಹಾಕಬೇಡಿ ಅಂತಲೂ ಹೇಳಿದರು.

ಇನ್ನು ಪರೀಕ್ಷೆ. ನಮ್ಮ ಪಡಸಾಲೆಗೆ ಶಹಾಬಾದ್ ಫರ್ಸಿ. ಸಂದಿಗಳಲ್ಲಿ ಧೂಳು ಕೂತರೆ ಕಸಬರಿಗೆಗೆ ಬರುವುದಿಲ್ಲ. ಬೊಗಸೆ ಎರೆ ಮಣ್ಣನ್ನು ಪುಡಿ ಮಾಡಿ ಅದೇ ಸಂದಿಗೆ ಸುರಿದೆ. ಹಳೆಯದು ಒಂದೇ ಎಳೆತಕ್ಕೆ ಕಲ್ಲಿನ ಅಂಚು ಕಾಣಿಸಿತು.

ತಂಗಿಯ ಮನೆಯಿಂದ ಬ್ಯಾಟರಿಯ ಕಾರ್ಡ್‌ಲೆಸ್ ವ್ಯಾಕ್ಯೂಮ್ ತಂದು ಒಂದು ವಾರ ಇಟ್ಟುಕೊಂಡೆ. ಹಗುರ, ಮಂಚದ ಕೆಳಗೆ ಸಲೀಸಾಗಿ ಹೋಗುತ್ತದೆ. ಆದರೆ ಮಾಮೂಲಿ ಸ್ಪೀಡಿನಲ್ಲಿ ಸಂದಿಯ ಮಣ್ಣು ಅರ್ಧ ಅಲ್ಲೇ ಉಳಿಯಿತು. ಪೂರ್ತಿ ಜೋರಿಗೆ ಹಾಕಿದರೆ ಎಂಟು ನಿಮಿಷಕ್ಕೆ ಬ್ಯಾಟರಿ ಮುಗಿಯಿತು. ಮಧ್ಯಾಹ್ನದ ಬಿಸಿಲಲ್ಲಿ ಚಾರ್ಜಿಗಿಟ್ಟರೆ ಕೆಂಪು ದೀಪ ಮಿಟುಕಿಸಿತು. ಲಿಥಿಯಂ ಬ್ಯಾಟರಿಗಳನ್ನು ಸಾಮಾನ್ಯವಾಗಿ 45 ಡಿಗ್ರಿ ದಾಟಿದರೆ ಚಾರ್ಜ್ ಮಾಡಬಾರದು. ನಮ್ಮ ಮೇ ತಿಂಗಳ ತಗಡಿನ ಕೋಣೆಯ ಜಳ ನಿಮಗೇ ಗೊತ್ತು. ವಾಪಸ್ ಕಳಿಸಿದೆ.

ಅಲ್ಲಿಗೆ ಹಳೆಯದೇ ಗೆದ್ದಿತ್ತು. ನಮ್ಮಾಕೆ ಸೀನದಿದ್ದರೆ.

ಒಂದು ಬೆಳಿಗ್ಗೆ ಪೂರ್ವದ ಕಿಟಕಿಯಿಂದ ಬಿಸಿಲ ಕೋಲು ಬಿದ್ದಿತ್ತು. ಮಷೀನ್ ಓಡುತ್ತಿದ್ದಂತೆ ಹಿಂದಿನ ಜಾಲರಿಯಿಂದ ಸಣ್ಣ ಪುಡಿ ಹೊಗೆಯಂತೆ ಏಳುವುದು ಆ ಬೆಳಕಲ್ಲಿ ಕಂಡಿತು. "ಈ ಕಡೆ ಎಳೆದು ಆ ಕಡೆ ಉಗುಳ್ತದ ನೋಡ್ರಿ ನಿಮ್ಮ ಮಷೀನು!" ಅಂದಳು. ನಿಜವೇ. ಎರೆ ಮಣ್ಣಿನಲ್ಲಿ ಜೇಡಿಯ ಅಂಶ ಜಾಸ್ತಿ. ಜೇಡಿಯ ಕಣ 2 ಮೈಕ್ರಾನಿಗಿಂತ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಸಣ್ಣದು, ಬಟ್ಟೆಯ ಚೀಲ ಅದನ್ನು ಹಿಡಿಯುವುದಿಲ್ಲ. ಹಳೇ ಧೋತರ ಹರಿದು ಒಳಗೊಂದು ಚೀಲ ಹೊಲಿದು ಹಾಕಿದೆ. ಪುಡಿ ಕಡಿಮೆಯಾಯಿತು, ಎಳೆತವೂ ಹೋಯಿತು, ಮೈ ಕೈಸುಡುವಷ್ಟು ಕಾದಿತು. ಒಳಗೆ ಹಾದುಹೋಗುವ ಗಾಳಿಯೇ ಈ ಮೋಟಾರನ್ನು ತಣ್ಣಗಿಡುವುದು. ಚೀಲ ಕಿತ್ತೆಸೆದೆ.

ಕೊನೆಗೆ 7,800 ರೂಪಾಯಿಗೆ ಹೊಸದು ಬಂತು, ಹೆಪಾ ಫಿಲ್ಟರ್ ಇರುವುದು. ಈ ಫಿಲ್ಟರಿನ ಲೆಕ್ಕ 0.3 ಮೈಕ್ರಾನ್ ಕಣಗಳಲ್ಲಿ 99.97 ಶೇಕಡಾ ಹಿಡಿಯಬೇಕೆಂದು. ಅದೇ ಕಿಟಕಿ, ಅದೇ ಬಿಸಿಲು. ಈ ಸಲ ಹೊಗೆ ಕಾಣಲಿಲ್ಲ. ಆದರೆ ಎಳೆತ? ಫರ್ಸಿ ಸಂದಿಯಲ್ಲಿ ಎರಡೂ ಸಮ. ಹೊಸದರ ಮೇಲೆ 1600 ವ್ಯಾಟ್ ಅಂತ ದಪ್ಪಕ್ಷರದಲ್ಲಿದೆ, ಹಳೆಯದು ಬರೀ 750. ವ್ಯಾಟ್ ಅಂದರೆ ಮಷೀನ್ ತಿನ್ನುವ ಕರೆಂಟು, ಎಳೆಯುವ ಶಕ್ತಿಯಲ್ಲ. ಯುರೋಪಿನವರು 2017ರಿಂದ 900 ವ್ಯಾಟಿಗಿಂತ ಕಡಿಮೆಯೇ ಇರಬೇಕೆಂದು ನಿಯಮ ಮಾಡಿದ್ದಾರೆ. ಅಂಗಡಿಯವರ ಮಾತಿಗೆ ಮರುಳಾಗಬೇಡಿ. ಇನ್ನು ಇದರ ಪ್ಲಾಸ್ಟಿಕ್ ಕ್ಲಿಪ್ಪುಗಳು ನೋಡಿದರೇ ಭಯ. ಡಬ್ಬಿ ಖಾಲಿ ಮಾಡುವಾಗ ಮುಖಕ್ಕೇ ಧೂಳು. ಅಂಗಳಕ್ಕೆ ಒಯ್ದು ಸುರಿಯಬೇಕು.

ಈಗ ಮಲಗುವ ಕೋಣೆ, ಗಾದಿ, ಪಡಸಾಲೆ ಎಲ್ಲ ಹೊಸದಕ್ಕೆ. ಕೂಲರ್, ಕಾರು, ಕಿಟಕಿಯ ಜಾಲರಿ ಹಳೆಯದಕ್ಕೆ. ಅದನ್ನು ಅಂಗಳದಲ್ಲಿಟ್ಟು, ಬೆನ್ನು ರಸ್ತೆಯ ಕಡೆ ತಿರುಗಿಸಿ ಹಚ್ಚುತ್ತೇನೆ. ಪೈಪಿನ ಬುಡದಲ್ಲಿ ಸೀಳು ಬಿಟ್ಟಿದೆ. ಆ ಅಳತೆಯ ಪೈಪು ಸಿಗುವ ತನಕ ಸೈಕಲ್ ಟ್ಯೂಬಿನ ತುಂಡು ಸುತ್ತಿದ್ದೇನೆ.