ಪೇಟಿಯ ಸ್ವರದಿಂದ ಏಳುವ ರಾಕ್: ಜೆಫ್ ಬಕ್ಲಿಯ 'ಗ್ರೇಸ್'

ರಾಯಚೂರು ಸೀಮೆಯಲ್ಲಿ ಹಾರ್ಮೋನಿಯಂಗೆ ಪೇಟಿ ಎನ್ನುತ್ತೇವೆ. ಭಜನೆಗೆ ಕುಳಿತವರು ಪದ ಎತ್ತಿಕೊಳ್ಳುವ ಮೊದಲು ಒಬ್ಬರು ತಿದಿ ಒತ್ತಿ ಸ್ವರ ಹಿಡಿಯುತ್ತಾರೆ. ಆ ಸ್ವರ ನಿಲ್ಲುವವರೆಗೆ ಉಳಿದವರು ಕಾಯುತ್ತಾರೆ. ಅಮೆರಿಕದ ಗಾಯಕ ಜೆಫ್ ಬಕ್ಲಿ 1994ರ ಆಗಸ್ಟಿನಲ್ಲಿ ಹೊರತಂದ 'ಗ್ರೇಸ್' ಆಲ್ಬಮ್ಮಿನ ಏಳನೆಯ ಹಾಡು 'ಲವರ್, ಯು ಶುಡ್ ಹ್ಯಾವ್ ಕಮ್ ಓವರ್' ಆರಂಭವಾಗುವುದೂ ಹೀಗೆಯೇ. ಆಲ್ಟರ್ನೇಟಿವ್ ರಾಕ್ ಎಂಬ ಹೆಸರು ಕೇಳಿ ಬರೀ ಡ್ರಮ್ಸಿನ ಸದ್ದನ್ನು ನಿರೀಕ್ಷಿಸಿದ್ದ ನಾನು, ವಿದ್ಯುತ್ ಹೋದ ಒಂದು ಬೇಸಿಗೆಯ ರಾತ್ರಿ ಮಾಳಿಗೆಯ ಮೇಲೆ ಇದನ್ನು ಮೊದಲ ಸಲ ಕೇಳಿದಾಗ, ಹಾಡನ್ನು ನಿಲ್ಲಿಸಿ ಅದೇ ಆರಂಭವನ್ನು ಮತ್ತೆ ಕೇಳಿದೆ. ಪೇಟಿ ನುಡಿಸಿದವನೂ ಬಕ್ಲಿಯೇ.

ಇದು ಆಕಸ್ಮಿಕವಲ್ಲ. ಬಕ್ಲಿ ಪಾಕಿಸ್ತಾನದ ಖವ್ವಾಲಿ ಗಾಯಕ ನುಸ್ರತ್ ಫತೇ ಅಲಿ ಖಾನರ ಪರಮ ಅಭಿಮಾನಿ. ನ್ಯೂಯಾರ್ಕಿನ ಪುಟ್ಟ ಕಾಫಿ ಅಂಗಡಿಯೊಂದರಲ್ಲಿ ಒಂಟಿ ಗಿಟಾರ್ ಹಿಡಿದು ಅವರ ಖವ್ವಾಲಿಯನ್ನು ಉರ್ದುವಿನಲ್ಲೇ ಹಾಡಿದವನು. ಆದ್ದರಿಂದಲೇ ಇರಬೇಕು, ಆಲ್ಬಮ್ಮಿನ ಶೀರ್ಷಿಕೆ ಗೀತೆಯ ಕೊನೆಯಲ್ಲಿ ಮಾತು ಮುಗಿದ ಮೇಲೂ ಅವನ ದನಿ ಅಕಾರ ಹಿಡಿದು ಮೇಲಕ್ಕೆ ಹೋಗುತ್ತಲೇ ಇರುತ್ತದೆ. ಪಂಡಿತ್ ಸಿದ್ಧರಾಮ ಜಂಬಲದಿನ್ನಿಯವರ ವಚನಗಾಯನ ಕೇಳಿ ಬೆಳೆದ ಊರಿನ ಕಿವಿಗೆ, ಒಂದೇ ಶಬ್ದವನ್ನು ತಿರುತಿರುಗಿ ಹಿಡಿದು ಅದರ ಒಳಗನ್ನು ಹುಡುಕುವ ಈ ರೀತಿ ಪರಕೀಯ ಎನಿಸುವುದಿಲ್ಲ. ಇಂಗ್ಲಿಷ್ ಅರ್ಧದಷ್ಟು ತಿಳಿಯದಿದ್ದರೂ ನಷ್ಟವಾಗುವುದಿಲ್ಲ.

ಹತ್ತು ಹಾಡುಗಳಲ್ಲಿ ಮೂರು ಬೇರೆಯವರವು. ಅವುಗಳಲ್ಲಿ ಎಲ್ಲರಿಗೂ ಪರಿಚಿತವಾದ, ಕೆನಡಾದ ಕವಿ-ಗಾಯಕ ಲಿಯೊನಾರ್ಡ್ ಕೊಹೆನ್ ರಚಿಸಿದ 'ಹಲ್ಲೆಲೂಯಾ' ಆರಂಭವಾಗುವುದು ಸ್ವರದಿಂದಲ್ಲ, ಮೈಕಿನ ಎದುರು ಬಿಟ್ಟ ಒಂದು ನಿಟ್ಟುಸಿರಿನಿಂದ. ಅಲ್ಲಿಂದ ಮುಂದೆ ಸುಮಾರು ಏಳು ನಿಮಿಷ ಒಂದು ಗಿಟಾರ್, ಒಂದು ದನಿ, ಅಷ್ಟೇ. ನಿರ್ಮಾಪಕ ಆ್ಯಂಡಿ ವ್ಯಾಲೇಸ್ ಇಲ್ಲಿ ಬೇರೆ ಏನನ್ನೂ ಸೇರಿಸದೆ ಕೈಕಟ್ಟಿ ಕುಳಿತದ್ದು ದೊಡ್ಡ ಉಪಕಾರವೆಂದೇ ನನ್ನ ಅಭಿಪ್ರಾಯ.

ಅದೇ ಸಂಯಮ ಎಲ್ಲೆಡೆ ಇಲ್ಲ. 'ಕಾರ್ಪಸ್ ಕ್ರಿಸ್ಟಿ ಕ್ಯಾರಲ್' ಎಂಬ ಪುರಾತನ ಭಕ್ತಿಗೀತೆಯನ್ನು ಪಿಸುಮಾತಿನಷ್ಟು ಮೆಲ್ಲಗೆ ಹಾಡಿ ಮುಗಿಸಿದೊಡನೆ 'ಎಟರ್ನಲ್ ಲೈಫ್' ಎಂಬ ಅಬ್ಬರದ ಹಾಡು ಬಂದೆರಗುತ್ತದೆ. ಇಯರ್‌ಫೋನಿನಲ್ಲಿ ಕೇಳುವವರು ಧ್ವನಿಯನ್ನು ಮೊದಲೇ ತಗ್ಗಿಸಿಕೊಳ್ಳುವುದು ಲೇಸು. ಮೊದಲ ಹಾಡು 'ಮೋಜೊ ಪಿನ್' ಕೂಡ ಕೊನೆಯಲ್ಲಿ ಕಿರುಚಾಟಕ್ಕೆ ಜಾರಿ, ಆರಂಭದ ಮಂದ್ರದ ಸೊಗಸನ್ನು ತಾನೇ ಕೆಡಿಸಿಕೊಳ್ಳುತ್ತದೆ.

ಕೊಳ್ಳುವವರಿಗೆ, ಅಥವಾ ಮೊಬೈಲಿನಲ್ಲಿ ಕೇಳುವವರಿಗೆ, ಒಂದು ಸೂಚನೆ. 2004ರಲ್ಲಿ ಬಂದ, ಹೆಚ್ಚುವರಿ ಹಾಡುಗಳಿರುವ ಆವೃತ್ತಿಗಿಂತ ಮೂಲದ ಹತ್ತು ಹಾಡುಗಳನ್ನೇ ಮೊದಲು ಕೇಳಬೇಕು, ಅದೂ ಕ್ರಮ ತಪ್ಪಿಸದೆ. ನಾನು ಬಳಸುವ ಉಚಿತ ಸೇವೆಯು ಹಾಡುಗಳನ್ನು ಕಲಸಿ, 'ಹಲ್ಲೆಲೂಯಾ'ದ ನಂತರ ಸಾಲದ ಜಾಹೀರಾತೊಂದನ್ನು ಕೇಳಿಸಿದ ದಿನವೇ ಸಿಡಿ ತರಿಸಿಕೊಂಡೆ. ಬಕ್ಲಿ 1997ರಲ್ಲಿ, ಮೂವತ್ತರ ವಯಸ್ಸಿನಲ್ಲಿ, ಮೆಂಫಿಸ್ಸಿನ ನದಿಯೊಂದರಲ್ಲಿ ಮುಳುಗಿ ತೀರಿಕೊಂಡ; ಸ್ಟುಡಿಯೊದಲ್ಲಿ ಅವನು ಪೂರ್ಣಗೊಳಿಸಿದ ಆಲ್ಬಮ್ ಇದೊಂದೇ.

ಕೊನೆಯ ಹಾಡು 'ಡ್ರೀಮ್ ಬ್ರದರ್'ನಲ್ಲಿ ತಬಲಾ ಇದೆ, ಆದರೆ ಗಿಟಾರಿನ ಹಿಂದೆ ಅಡಗಿದಂತೆ. ಪಕ್ಕದ ಮಾಳಿಗೆಯ, ಶ್ರಾವಣದ ಭಜನೆಗೆ ಪೇಟಿ ಹಿಡಿಯುವ ಕಾಕಾ ಒಂದು ರಾತ್ರಿ ನನ್ನೊಡನೆ ಪೂರ್ತಿ ಆಲ್ಬಮ್ಮನ್ನು ಕೇಳಿದರು. "ಹುಡುಗ ಶ್ರುತಿ ಬಿಟ್ಟಿಲ್ಲ ನೋಡು. ಆದ್ರ ತಬಲಾ ಯಾಕ ಅಷ್ಟು ಸಣ್ಣಗ ಇಟ್ಟಾರ?" ಎಂದು ಕೇಳಿ, ಪೇಟಿಯ ಹಾಡನ್ನು ಇನ್ನೊಮ್ಮೆ ಹಚ್ಚಲು ಹೇಳಿದರು.