ಒಳಗೇನಿದೆ ಎಂದು ಬಿಲ್ಲಿನ ಮೇಲೆ ಬರೆಸಿಕೊಳ್ಳದೆ ಹಾಸಿಗೆ ಕೊಳ್ಳಬೇಡಿ

ಹೊಸ ಹಾಸಿಗೆ ಕೊಳ್ಳಲು ಹೊರಟಿರುವವರು, ಅದರಲ್ಲೂ ಮನೆಯ ಹಿರಿಯರ ಸೊಂಟನೋವಿಗೆಂದು ‘ಆರ್ಥೋ’ ಹಾಸಿಗೆ ಹುಡುಕುತ್ತಿರುವವರು, ಹಣ ಕೊಡುವ ಮೊದಲು ಈ ಬರಹವನ್ನು ಓದಬೇಕೆಂದು ಕೇಳಿಕೊಳ್ಳುತ್ತೇನೆ. ದಾವಣಗೆರೆಯಲ್ಲಿರುವ ನಮ್ಮ ತಾಯಿಯವರಿಗಾಗಿ ಕೊಂಡ ಹಾಸಿಗೆಯೊಂದು ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಕುಸಿಯಿತು, ಹತ್ತು ವರ್ಷದ ವಾರಂಟಿ ಕಾರ್ಡು ಯಾವ ಕೆಲಸಕ್ಕೂ ಬರಲಿಲ್ಲ, ಕೊನೆಗೆ ಹೊಲಿಗೆ ಬಿಚ್ಚಿಸಿ ನೋಡಿದಾಗ ಅಂಗಡಿಯವರು ಹೇಳಿದ್ದಕ್ಕೂ ಒಳಗಿದ್ದುದಕ್ಕೂ ತಾಳೆಯೇ ಆಗಲಿಲ್ಲ. ಅಂಗಡಿಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಇಂಥದೇ ವ್ಯಾಪಾರ ಬೇರೆ ಊರುಗಳಲ್ಲೂ ನಡೆಯಬಹುದಾದ್ದರಿಂದ, ಒಂದು ಹೆಸರಿಗಿಂತ ಅದು ನಡೆಯುವ ಕ್ರಮವನ್ನು ತಿಳಿದುಕೊಳ್ಳುವುದು ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಮಾರಾಟಗಾರರು ನಮ್ಮ ತಾಯಿಯವರನ್ನು ಕೂರಿಸಿ, ಅವರ ನೋವಿನ ವಿಚಾರವನ್ನೆಲ್ಲ ಕೇಳಿ, “ಅಮ್ಮಾ, ಇದು ಆರ್ಥೋಪೆಡಿಕ್ ಬೆಡ್. ಡಾಕ್ಟ್ರೇ ಇದನ್ನ ತಗೊಳ್ಳಿ ಅಂತ ಕಳಿಸ್ತಾರೆ. ಕೆಳಗೆ ನಾಲ್ಕು ಇಂಚು ರೀಬಾಂಡೆಡ್, ಮೇಲೆ ಒಂದು ಇಂಚು ಲೇಟೆಕ್ಸ್, ಅದರ ಮೇಲೆ ಒಂದು ಇಂಚು ಸಾಫ್ಟ್ ಫೋಮ್. ಹತ್ತು ವರ್ಷ ನೀವು ತಿರುಗಿ ನೋಡೋ ಹಾಗಿಲ್ಲ” ಎಂದರು. ರೀಬಾಂಡೆಡ್ ಎಂದರೆ ಫೋಮಿನ ಚೂರುಗಳನ್ನು ಅಂಟು ಹಾಕಿ ಒತ್ತಿ ಮಾಡಿದ ಪದರ, ಲೇಟೆಕ್ಸ್ ಎಂದರೆ ರಬ್ಬರಿನ ಫೋಮು. ಮೇಜಿನ ಮೇಲಿಟ್ಟಿದ್ದ ಅಂಗೈಯಗಲದ ಮಾದರಿ ತುಂಡಿನಲ್ಲಿ ಆ ಮೂರೂ ಪದರಗಳು ಸ್ಪಷ್ಟವಾಗಿ ಕಾಣುತ್ತಿದ್ದವು. ತಾಯಿಯವರು ಮಲಗಿ ನೋಡಿದರು. ಬೆನ್ನಿಗೆ ಹಿತವಾಗಿಯೇ ಇತ್ತು. ಬಿಲ್ಲಿನಲ್ಲಿ ಮಾತ್ರ ‘ಆರ್ಥೋ ಬೆಡ್, 75 × 60 × 6, ಒಂದು’ ಎಂದಷ್ಟೇ ಬರೆದಿದ್ದರು. ಪದರಗಳ ವಿವರವನ್ನೂ ಬರೆದುಕೊಡಿ ಎಂದು ನನ್ನ ತಮ್ಮ ಕೇಳಿದಾಗ, “ಅದೆಲ್ಲ ವಾರಂಟಿ ಕಾರ್ಡಲ್ಲಿ ಇರುತ್ತೆ ಸರ್, ಬೆಡ್ ಜೊತೆಗೇ ಬರುತ್ತೆ” ಎಂಬ ಉತ್ತರ ಬಂತು. ಮನೆಗೆ ಬಂದ ಕಾರ್ಡಿನಲ್ಲಿ ಅಂಗಡಿಯ ಮೊಹರು ಮತ್ತು ಸಣ್ಣಕ್ಷರದ ಷರತ್ತುಗಳು ಇದ್ದವೇ ಹೊರತು ಒಳಗಿನ ಸಾಮಗ್ರಿಯ ಬಗ್ಗೆ ಒಂದು ಮಾತೂ ಇರಲಿಲ್ಲ.

ಮೊದಲ ಕೆಲವು ವಾರ ಯಾವ ತೊಂದರೆಯೂ ಕಾಣಲಿಲ್ಲ. ಆಮೇಲೆ ಸೊಂಟ ಬರುವ ಜಾಗ ಮೆತ್ತಗಾಗತೊಡಗಿತು. ಮಲಗಿದರೆ ನಡು ಒಳಗಿಳಿದು ಕಾಲು ಮೇಲಾದಂತೆ ಆಗುತ್ತಿತ್ತು. ಬೆಳಗ್ಗೆ ಏಳಬೇಕಾದರೆ ಮಂಚದ ಅಂಚು ಹಿಡಿದು ಹೊರಳಬೇಕಾಗುತ್ತಿತ್ತು. ಇದಕ್ಕಿಂತ ನೆಲದ ಮೇಲೆ ಚಾಪೆ ಹಾಕಿ, ಅದರ ಮೇಲೆ ಜಮಖಾನ ಹಾಸಿಕೊಳ್ಳುವುದೇ ವಾಸಿ ಎಂದು ಅವರು ಹಾಗೆಯೇ ಮಲಗಲಾರಂಭಿಸಿದರು. ನೋವು ಕಡಿಮೆಯಾಗಲೆಂದು ತಂದ ಹಾಸಿಗೆಯನ್ನು ಬಿಟ್ಟು ಆ ವಯಸ್ಸಿನಲ್ಲಿ ಅವರು ನೆಲಕ್ಕಿಳಿಯಬೇಕಾಯಿತಲ್ಲ ಎಂಬ ಸಂಕಟ ನನಗೆ ಇನ್ನೂ ಹೋಗಿಲ್ಲ.

ದೂರು ಕೊಟ್ಟ ಮೇಲೆ ಪರೀಕ್ಷೆಗೆಂದು ಬಂದ ವ್ಯಕ್ತಿ ಹಾಸಿಗೆಯ ಈ ಅಂಚಿನಿಂದ ಆ ಅಂಚಿಗೆ ದಾರ ಬಿಗಿದು, ದಾರಕ್ಕೂ ಹಾಸಿಗೆಯ ಮೈಗೂ ನಡುವಿನ ಅಂತರವನ್ನು ಸ್ಕೇಲಿಟ್ಟು ಅಳೆದರು. ಅರ್ಧ ಇಂಚೂ ಬರಲಿಲ್ಲ. ಕಾರ್ಡಿನ ಷರತ್ತಿನ ಪ್ರಕಾರ ಒಂದು ಇಂಚಿಗಿಂತ ಆಳವಾದ ತಗ್ಗು ಬಿದ್ದರೆ ಮಾತ್ರ ಅದು ದೋಷ. ಈ ಅಳತೆಯ ವಿಚಾರವನ್ನು ಕೊಳ್ಳುವವರೆಲ್ಲ ತಿಳಿದಿರಬೇಕು. ಹೀಗೆ ಅಳೆಯುವುದು ಹಾಸಿಗೆಯ ಮೇಲೆ ಯಾರೂ ಮಲಗಿರದಾಗ. ಕಳಪೆ ಫೋಮು ಭಾರ ಬಿದ್ದಾಗ ಪೂರ್ತಿ ಅಮುಕಿಹೋಗಿ, ಭಾರ ತೆಗೆದ ಮೇಲೆ ಹೆಚ್ಚುಕಡಿಮೆ ಮೊದಲಿನ ಎತ್ತರಕ್ಕೇ ಏಳುತ್ತದೆ. ಅದು ಕಳೆದುಕೊಂಡಿರುವುದು ಎತ್ತರವನ್ನಲ್ಲ, ಭಾರ ಹೊರುವ ಬಲವನ್ನು. ಆ ಬಲ ಎಷ್ಟು ಉಳಿದಿದೆ ಎಂಬುದು ದಾರ ಮತ್ತು ಸ್ಕೇಲಿನ ಅಳತೆಗೆ ಸಿಗುವುದಿಲ್ಲ. ಮೆತ್ತಗಾಗುವುದು ವಾರಂಟಿಗೆ ಸೇರುವುದಿಲ್ಲ, ಹೊದಿಕೆಯ ಮೇಲೆ ಕಲೆ ಇದ್ದರೆ ವಾರಂಟಿ ಇಲ್ಲ, ಮಂಚದ ಹಲಗೆ ಸಮವಾಗಿಲ್ಲದಿದ್ದರೆ ವಾರಂಟಿ ಇಲ್ಲ, ಹೊಲಿಗೆ ಬಿಚ್ಚಿದರಂತೂ ಇಲ್ಲವೇ ಇಲ್ಲ ಎಂದು ಅವರು ಒಂದೊಂದಾಗಿ ಓದಿ ಹೇಳಿದರು. ಕೊನೆಯ ಷರತ್ತನ್ನು ಗಮನಿಸಿ: ಒಳಗೆ ಏನಿದೆ ಎಂದು ನೋಡಿದ ಕೂಡಲೇ ಕೇಳುವ ಹಕ್ಕು ಹೋಗುತ್ತದೆ.

ವಾರಂಟಿಯ ಆಸೆಯನ್ನು ಕೈಬಿಟ್ಟ ಮೇಲೆ, ನಮ್ಮ ಬೀದಿಗೆ ಹತ್ತಿ ಹಿಂಜಿ ಹಾಸಿಗೆ ಹೊಲಿದುಕೊಡಲು ಬರುವ ನದಾಫರೊಬ್ಬರಿಂದ ಅದನ್ನು ಬಿಚ್ಚಿಸಿದೆವು. ಅವರು ಅಂಚಿನ ಪಟ್ಟಿಯ ಗುಂಟ ಬ್ಲೇಡು ಆಡಿಸಿ ಮೇಲಿನ ಬಟ್ಟೆಯನ್ನು ಹಿಂದಕ್ಕೆ ಮಡಚಿದರು. ಹೂವಿನ ಕಸೂತಿಯಂತೆ ಹೊಲಿದಿದ್ದ ಆ ದಪ್ಪ ಬಟ್ಟೆಗೆ ಅಂಟಿಕೊಂಡು ಬೆರಳಿನಷ್ಟೂ ದಪ್ಪವಿಲ್ಲದ ಸ್ಪಂಜಿನ ಹಾಳೆಯಿತ್ತು. ಲೇಟೆಕ್ಸ್ ಎಂದು ಹೇಳಿದ್ದ ಜಾಗದಲ್ಲಿ ಸಾಮಾನ್ಯ ಹಳದಿ ಫೋಮು ಇತ್ತು. ಅದನ್ನು ಎರಡು ಬೆರಳಿನ ನಡುವೆ ತಿಕ್ಕಿದರೆ ಬಿಳಿ ಪುಡಿ ಅಂಟುತ್ತಿತ್ತು. ಫೋಮಿಗೆ ತೂಕ ಬರಲೆಂದು ಸೀಮೆಸುಣ್ಣದ ಜಾತಿಯ ಪುಡಿಯನ್ನು ಬೆರೆಸುವ ರೂಢಿ ಈ ಉದ್ಯಮದಲ್ಲಿ ಉಂಟು, ಅದರಿಂದ ತೂಕ ಹೆಚ್ಚುತ್ತದೆಯೇ ಹೊರತು ಬಾಳಿಕೆ ಹೆಚ್ಚುವುದಿಲ್ಲ. ಅದರ ಕೆಳಗೆ ರೀಬಾಂಡೆಡ್ ಇತ್ತೇನೋ ನಿಜ, ಆದರೆ ಎರಡು ಇಂಚು ಮಾತ್ರ, ಅದೂ ಚೂರುಗಳ ನಡುವೆ ರೆಕ್ಸಿನ್ ಮತ್ತು ಬಟ್ಟೆಯ ತುಣುಕುಗಳು ಸೇರಿಕೊಂಡಿದ್ದಂಥದು. ಸೊಂಟ ಬರುವ ಜಾಗದಲ್ಲಿ ಅಂಟು ಬಿಟ್ಟು ಚೂರುಗಳು ಉದುರುತ್ತಿದ್ದವು. ಉಳಿದ ದಪ್ಪವನ್ನು ಟಿವಿ, ಫ್ರಿಜ್ಜುಗಳ ಪೆಟ್ಟಿಗೆಯಲ್ಲಿ ಇಡುವಂಥ ಬಿಳಿ ಪ್ಯಾಕಿಂಗ್ ಹಾಳೆಗಳಿಂದ ತುಂಬಿಸಿದ್ದರು. “ಅಂಗಡೀಲಿ ಗಟ್ಟಿ ಅನ್ನಿಸಿದ್ದು ಇದೇ ನೋಡ್ರಿ ಅಕ್ಕಾರೆ” ಎಂದು ಅವರು ಆ ಹಾಳೆಯನ್ನು ಎತ್ತಿ ತೋರಿಸಿದರು.

ಸಾಂದ್ರತೆ ಬೇರೆ, ಗಟ್ಟಿತನ ಬೇರೆ. ಒಂದು ಘನ ಮೀಟರ್ ಫೋಮಿನ ತೂಕ ಎಷ್ಟು ಕಿಲೋ ಎಂಬುದೇ ಸಾಂದ್ರತೆ. ಅಂಗಡಿಗಳಲ್ಲಿ ‘32 ಡೆನ್ಸಿಟಿ’, ‘40 ಡೆನ್ಸಿಟಿ’ ಎನ್ನುವುದು ಇದನ್ನೇ. ಕಡಿಮೆ ಸಾಂದ್ರತೆಯ ಫೋಮನ್ನೂ ಮುಟ್ಟಿದಾಗ ಗಟ್ಟಿಯಾಗಿರುವಂತೆ ತಯಾರಿಸಬಹುದು, ಆದರೆ ಅದರ ಗಟ್ಟಿತನ ಬೇಗ ಇಳಿದುಹೋಗುತ್ತದೆ. ಆದ್ದರಿಂದ ಮಲಗಿ ನೋಡಿದರೆ ಹಿತವಾಗಿದೆಯೋ ಇಲ್ಲವೋ ಎಂಬುದು ತಿಳಿಯುತ್ತದೆಯಷ್ಟೆ, ಗುಣಮಟ್ಟ ತಿಳಿಯುವುದಿಲ್ಲ. ಅದು ತಿಳಿಯಬೇಕಾದರೆ ಪ್ರತಿ ಪದರದಲ್ಲಿ ಯಾವ ಸಾಮಗ್ರಿ, ಎಷ್ಟು ಇಂಚು, ಎಷ್ಟು ಸಾಂದ್ರತೆ ಎಂಬ ಮೂರನ್ನು ಮಾರುವವರೇ ಬರೆದುಕೊಡಬೇಕು. ಬರೆದದ್ದು ನಿಜವೇ ಎಂದು ಪರೀಕ್ಷಿಸಲು ತಕ್ಕಡಿ ಸಾಕು. ಉದ್ದ, ಅಗಲ, ದಪ್ಪಗಳನ್ನು ಇಂಚಿನಲ್ಲಿ ಗುಣಿಸಿ 61,000ದಿಂದ ಭಾಗಿಸಿದರೆ ಸುಮಾರಾಗಿ ಎಷ್ಟು ಘನ ಮೀಟರ್ ಎಂಬುದು ಬರುತ್ತದೆ. ಅದನ್ನು ಸಾಂದ್ರತೆಯಿಂದ ಗುಣಿಸಿದರೆ ಕಿಲೋ ಲೆಕ್ಕದ ತೂಕ ಸಿಗುತ್ತದೆ. ನಮ್ಮ 75 × 60 ಅಳತೆಯಲ್ಲಿ ನಾಲ್ಕು ಇಂಚಿನ ರೀಬಾಂಡೆಡ್ ಪದರ 100 ಸಾಂದ್ರತೆಯದಾಗಿದ್ದರೆ ಅದೊಂದೇ 29 ಕಿಲೋ ದಾಟುತ್ತದೆ. ಮೇಲಿನ ಎರಡು ಪದರಗಳೂ ಸೇರಿ ಒಟ್ಟು 38 ಕಿಲೋ ಆಸುಪಾಸಿನಲ್ಲಿ ಇರಬೇಕಾಗಿತ್ತು. ಗುಜರಿ ಅಂಗಡಿಯ ತೂಕದ ಯಂತ್ರದ ಮೇಲೆ ನಮ್ಮ ಹಾಸಿಗೆ ತೂಗಿದ್ದು 21 ಕಿಲೋ. ಪುಡಿ ಬೆರೆಸಿ ತೂಕ ಹೆಚ್ಚಿಸಲು ಸಾಧ್ಯವಿರುವುದರಿಂದ ತೂಕ ಸರಿಬಂದ ಮಾತ್ರಕ್ಕೆ ಎಲ್ಲವೂ ಸರಿಯಿದೆ ಎನ್ನಲಾಗದು. ಆದರೆ ಹೇಳಿದ ಸಾಮಗ್ರಿಗೆ ತಕ್ಕ ತೂಕವೇ ಬರದಿದ್ದರೆ ಒಳಗೆ ಬೇರೇನೋ ಇದೆ ಎಂಬುದರಲ್ಲಿ ಅನುಮಾನ ಬೇಡ.

ಬಿಚ್ಚಿದ ಹಾಸಿಗೆಯ ಚಿತ್ರಗಳನ್ನು ತೋರಿಸಿದಾಗ ಅಂಗಡಿಯವರು, “ನಾವು ಕೊಟ್ಟಿದ್ದು ಇದೇ ಅನ್ನೋದಕ್ಕೆ ಏನು ಗ್ಯಾರಂಟಿ?” ಎಂದು ಕೇಳಿದರು. ಪರಿಚಯದ ವಕೀಲರು ಬಿಲ್ಲನ್ನು ನೋಡಿ ಹೇಳಿದ್ದೂ ಸುಮಾರಾಗಿ ಅದನ್ನೇ: ಏನನ್ನು ಕೊಡುತ್ತೇವೆಂದು ಅವರು ಒಪ್ಪಿಕೊಂಡಿದ್ದರು ಎಂಬುದು ಎಲ್ಲೂ ಬರಹದಲ್ಲಿಲ್ಲ, ಹೊಲಿಗೆ ಬಿಚ್ಚಿದಾಗ ಅವರ ಕಡೆಯವರು ಯಾರೂ ಇರಲಿಲ್ಲ. ಬಿಲ್ಲಿನಲ್ಲಿ ಇನ್ನೊಂದು ಸಾಲು ಇದ್ದಿದ್ದರೆ ನಮ್ಮ ಸ್ಥಿತಿ ಬೇರೆಯೇ ಆಗಿರುತ್ತಿತ್ತು. ‘ಒಮ್ಮೆ ಮಾರಿದ ಸರಕನ್ನು ಹಿಂದಕ್ಕೆ ಪಡೆಯುವುದಿಲ್ಲ’ ಎಂದು ಮುದ್ರಿಸಿರುವುದನ್ನು ನೋಡಿ ಸುಮ್ಮನಾಗಬೇಕಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಬಿಲ್ಲು ಕೊಡದಿರುವುದೂ, ದೋಷವಿರುವ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿರದಿದ್ದರೆ 30 ದಿನಗಳೊಳಗೆ, ಹಿಂದಕ್ಕೆ ಪಡೆಯಲು ನಿರಾಕರಿಸುವುದೂ ಅನುಚಿತ ವ್ಯಾಪಾರ ಪದ್ಧತಿಗಳಾಗುತ್ತವೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಜಿಲ್ಲಾ ಗ್ರಾಹಕರ ಆಯೋಗಕ್ಕೆ ನೀವು ವಾಸವಿರುವ ಊರಿನಿಂದಲೇ ದೂರು ಸಲ್ಲಿಸಬಹುದು, ಎರಡು ವರ್ಷದೊಳಗೆ ಸಲ್ಲಿಸಬೇಕು, ಐದು ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ. ಆದರೆ ಈ ದಾರಿಗಳಲ್ಲೆಲ್ಲ ಕೈಯಲ್ಲಿರುವ ಕಾಗದವೇ ಮಾತನಾಡುತ್ತದೆ. ಬಿಲ್ಲು ಬೇಡವೆಂದರೆ ಜಿಎಸ್‌ಟಿ ಉಳಿಯುತ್ತದೆ ಎಂದು ಹೇಳುವವರಿಂದ ದಯವಿಟ್ಟು ಏನನ್ನೂ ಕೊಳ್ಳಬೇಡಿ.

‘ಆರ್ಥೋ’ ಎಂಬ ಹೆಸರಿಗೆ ಹೆಚ್ಚಿನ ಹಣ ಕೊಡುವ ಮುನ್ನವೂ ಯೋಚಿಸಬೇಕು. ಯಾವ ಹಾಸಿಗೆಯ ಮೇಲೆ ಬೇಕಾದರೂ ಆ ಹೆಸರನ್ನು ಅಚ್ಚು ಹಾಕಿರಬಹುದು. ಆ ಹಾಸಿಗೆಯನ್ನು ವೈದ್ಯರು ಪರೀಕ್ಷಿಸಿದ್ದಾರೆ ಎಂಬುದಕ್ಕೆ ಅದು ಪುರಾವೆಯಲ್ಲ. ಸೊಂಟನೋವಿಗೆ ಹಲಗೆಯಷ್ಟು ಗಟ್ಟಿಯಾದ ಹಾಸಿಗೆಯೇ ಬೇಕು ಎಂಬ ನಂಬಿಕೆಯೂ ನಮ್ಮಲ್ಲಿ ಬೇರೂರಿದೆ. ಸ್ಪೇನಿನ ಸಂಶೋಧಕರು ಬಹುಕಾಲದಿಂದ ಸೊಂಟನೋವು ಇದ್ದ 313 ಮಂದಿಯನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಗಟ್ಟಿ ಹಾಸಿಗೆಯನ್ನೂ ಇನ್ನೊಂದಕ್ಕೆ ಮಧ್ಯಮ ಗಟ್ಟಿತನದ ಹಾಸಿಗೆಯನ್ನೂ ಕೊಟ್ಟು 90 ದಿನ ಗಮನಿಸಿದರು; 2003ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಹೆಚ್ಚು ಉಪಶಮನ ದೊರೆತದ್ದು ಮಧ್ಯಮ ಹಾಸಿಗೆಯವರಿಗೆ. ಆದ್ದರಿಂದ ಮಲಗುವವರನ್ನೇ ಅಂಗಡಿಗೆ ಕರೆದುಕೊಂಡು ಹೋಗಿ, ಅವರು ಮನೆಯಲ್ಲಿ ಮಲಗುವ ಭಂಗಿಯಲ್ಲೇ ಕಾಲು ಗಂಟೆಯಾದರೂ ಮಲಗಲಿ. ಅಂಗಾತ ಮಲಗಿದಾಗ ನಡುವಿನ ಕೆಳಗೆ ಅಂಗೈ ಸಲೀಸಾಗಿ ಆಚೆಗೆ ಹೊರಡುವಷ್ಟು ಸಂದು ಉಳಿದರೆ ಅದು ಅವರಿಗೆ ಅತಿಯಾಗಿ ಗಟ್ಟಿ; ಕೈ ತೂರದಂತೆ ಸೊಂಟ ಹೂತುಹೋಗಿ, ಮಗ್ಗುಲು ಬದಲಿಸಲು ಕಷ್ಟವಾದರೆ ಅತಿಯಾಗಿ ಮೆತ್ತಗೆ. ಬಿಲ್ಲು ಮಾಡಿಸಲು ಅವಸರಪಡಿಸುವವರು ಹೊರಗೆ ಕಾಯಲಿ.

ಸಾಮಗ್ರಿಯ ಆಯ್ಕೆ ಊರಿನ ಹವೆಯನ್ನೂ ಅವಲಂಬಿಸುತ್ತದೆ. ತೆಂಗಿನ ನಾರಿಗೆ ರಬ್ಬರಿನ ಹಾಲು ಸಿಂಪಡಿಸಿ ಒತ್ತಿ ಮಾಡುವ ಹಾಸಿಗೆಯಲ್ಲಿ ಗಾಳಿ ಚೆನ್ನಾಗಿ ಆಡುವುದರಿಂದ ಬಯಲುಸೀಮೆಯ ಸೆಕೆಗೆ ಅದು ಒಳ್ಳೆಯದು. ಮಂಗಳೂರು, ಉಡುಪಿ ಕಡೆಯ ಮಳೆಗಾಲದಲ್ಲಿ ತಳಕ್ಕೆ ಗಾಳಿಯಾಡದಂತೆ ಪ್ಲೈವುಡ್ಡಿನ ಮೇಲೆ ಹಾಕಿದರೆ ಯಾವ ಹಾಸಿಗೆಗಾದರೂ ಬೂಷ್ಟು ಹಿಡಿಯುತ್ತದೆ. ಮೆಮೊರಿ ಫೋಮು ಮೈಯ ಬಿಸಿಯನ್ನು ಹಿಡಿದಿಡುತ್ತದೆ, ಫ್ಯಾನಿನ ಗಾಳಿಯಷ್ಟೇ ಇರುವ ಮನೆಗೆ ಅದು ಸೂಕ್ತವಲ್ಲವೆಂದು ನನ್ನ ಅಭಿಪ್ರಾಯ. ಲೇಟೆಕ್ಸ್ ಎಂದರೆ ನೂರಕ್ಕೆ ಎಷ್ಟು ಭಾಗ ಮರದ ರಬ್ಬರು, ಎಷ್ಟು ಕೃತಕ ಎಂಬುದನ್ನೂ ಕೇಳಿ ಬರೆಸಿಕೊಳ್ಳಬೇಕು. ಹತ್ತಿ ಹಾಸಿಗೆಯನ್ನು ಬಿಸಿಲಿಗೆ ಹಾಕುವ ನಮ್ಮ ಒಳ್ಳೆಯ ಅಭ್ಯಾಸ ಲೇಟೆಕ್ಸಿಗೆ ಮಾತ್ರ ಕೆಟ್ಟದ್ದು. ನೇರ ಬಿಸಿಲಿಗೆ ಅದು ಪೆಡಸಾಗಿ ಪುಡಿಯಾಗುತ್ತದೆ. ಅಂದ ಹಾಗೆ, ನಮ್ಮ ತಾಯಿಯವರು ಈಗ ಮಲಗುತ್ತಿರುವುದು ಆ ನದಾಫರೇ ನಮ್ಮ ಕಣ್ಣೆದುರು ಹತ್ತಿ ತುಂಬಿ ಬಿಗಿಯಾಗಿ ಹೊಲಿದುಕೊಟ್ಟ ಹಾಸಿಗೆಯ ಮೇಲೆ. ಎರಡು ಮೂರು ವರ್ಷಕ್ಕೊಮ್ಮೆ ಅದನ್ನು ಬಿಚ್ಚಿ ಹಿಂಜಿಸಬೇಕಾಗುತ್ತದೆ ಎಂದು ಅವರು ಮೊದಲೇ ಹೇಳಿದ್ದಾರೆ.

ಆನ್‌ಲೈನ್‌ನಲ್ಲಿ ಕೊಳ್ಳುವವರಿಗೆ ಎಷ್ಟೋ ಕಂಪನಿಗಳು ಕೆಲವು ವಾರ ಮಲಗಿ ನೋಡಿ ಹಿಂತಿರುಗಿಸುವ ಅವಕಾಶ ಕೊಡುತ್ತವೆ. ಇದು ನಿಜವಾಗಿ ಒಳ್ಳೆಯ ಅನುಕೂಲ. ಆದರೆ ಹಣವೇ ಹಿಂದಕ್ಕೆ ಬರುತ್ತದೆಯೋ, ಬೇರೆ ಹಾಸಿಗೆ ಮಾತ್ರ ಕೊಡುತ್ತಾರೋ, ಕಂಪನಿಯಿಂದ ನೇರವಾಗಿ ಕೊಳ್ಳದೆ ಬೇರೆ ಮಾರಾಟ ತಾಣದಲ್ಲಿ ಕೊಂಡರೂ ಅದು ಅನ್ವಯಿಸುತ್ತದೆಯೋ ಎಂಬುದನ್ನು ಮೊದಲೇ ಓದಿ, ಆ ಪುಟದ ಚಿತ್ರ ತೆಗೆದಿಟ್ಟುಕೊಳ್ಳಿ.

ಅಂಗಡಿಯಲ್ಲಿ ಕೊಳ್ಳುವುದಾದರೆ ಪೂರ್ತಿ ಹಣವನ್ನು ಮುಂಗಡವಾಗಿ ಕೊಡದೆ, ಒಂದಷ್ಟನ್ನು ಮನೆಗೆ ತಲುಪಿದ ಮೇಲೆ ಕೊಡುವುದೆಂದು ಮಾತಾಡಿಕೊಳ್ಳಿ. ಪದರಗಳ ವಿವರವನ್ನು ಬರೆದುಕೊಡಲು ಒಪ್ಪದಿದ್ದರೆ ಅಲ್ಲಿಂದ ಎದ್ದು ಬನ್ನಿ. ಹಾಸಿಗೆ ಬಂದಾಗ ಪ್ಲಾಸ್ಟಿಕ್ ಹರಿಯುವ ಮೊದಲೇ, ತಂದವರ ಎದುರಿನಲ್ಲೇ, ನಾಲ್ಕೂ ಮೂಲೆಗಳಲ್ಲಿ ದಪ್ಪ ಅಳೆಯಿರಿ, ಲೇಬಲ್ಲನ್ನು ಬಿಲ್ಲಿನೊಂದಿಗೆ ಹೋಲಿಸಿ ನೋಡಿ, ಸಾಧ್ಯವಾದರೆ ತೂಗಿಸಿ, ಎಲ್ಲವನ್ನೂ ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳಿ. ಒಳಗಿನ ಸಾಮಗ್ರಿ ಕಾಣುವಂತೆ ಜಿಪ್ ಇಟ್ಟಿರುವ ಹಾಸಿಗೆಗಳೂ ಮಾರುಕಟ್ಟೆಯಲ್ಲಿವೆ. ಬೆಲೆಯಲ್ಲಿ ಸ್ವಲ್ಪ ವ್ಯತ್ಯಾಸವಿದ್ದರೂ ಅವನ್ನೇ ಕೇಳಿ, ಜಿಪ್ ತೆರೆದರೆ ವಾರಂಟಿ ರದ್ದಾಗುವುದಿಲ್ಲವೆಂದು ಬರೆಸಿಕೊಂಡು, ತಂದ ವಾಹನ ಹಿಂದಿರುಗುವ ಮೊದಲೇ ತೆರೆದು ನೋಡಿ. ಹೇಳಿದ್ದಕ್ಕೂ ಬಂದದ್ದಕ್ಕೂ ವ್ಯತ್ಯಾಸ ಕಂಡರೆ ‘ಸರಕು ಸರಿಯಾಗಿ ತಲುಪಿದೆ’ ಎಂಬ ಚೀಟಿಗೆ ಸಹಿ ಹಾಕದೆ, ಅದೇ ವಾಹನದಲ್ಲಿ ಹಾಸಿಗೆಯನ್ನು ವಾಪಸು ಕಳಿಸಿ.